ಮೂತ್ರಪಿಂಡದ ಪಾಠ

ಫಿಸಿಯಾಲಜಿಯ ಮೊದಲ ಕ್ಲಾಸಿನಲ್ಲೇ ಮೇಡಂ ನಮಗೆ ಒಂದು ಮಾತು ಹೇಳಿದ್ದರು. "ಈ ಪುಸ್ತಕ ಓದ್ತಾ ಹೋದ ಹಾಗೆ ಇದರಲ್ಲಿರೋ ಕಾಯಿಲೆಯೆಲ್ಲ ನಿಮಗೇ ಬಂದಿದೆ ಅನ್ಸುತ್ತೆ. ನಿಮಗಲ್ಲದಿದ್ರೆ ಮನೇಲಿ ಯಾರಿಗಾದ್ರೂ. ಹೊಸದಾಗಿ ಓದೋರಿಗೆಲ್ಲ ಹೀಗೇ ಆಗೋದು. ನಂಬೋಕೆ ಹೋಗ್ಬೇಡಿ." ಹಾಗೆಂದು ಅವರು ನಕ್ಕರು. ನಾವೂ ನಕ್ಕೆವು.

ನಾನು ಡಿಗ್ರಿಯಲ್ಲಿ ಓದಿದ್ದು ಫಿಸಿಕ್ಸು, ಗಣಿತ, ಕಂಪ್ಯೂಟರು. ಓದು ಮುಗಿಸಿ ಮಧುಗಿರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಂಪ್ಯೂಟರ್ ಪಾಠ ಮಾಡುತ್ತಿದ್ದೆ. ಅಲ್ಲಿ ಬೆಳಗಿನ ಪ್ರಾರ್ಥನೆಗೆ ನಿಂತ ಹುಡುಗಿಯರು ತಲೆಸುತ್ತಿ ಬೀಳುತ್ತಿದ್ದರು. ಅವರನ್ನು ನೆರಳಿಗೆ ಕರೆತಂದು ಕೂರಿಸುವ ಕೆಲಸ ಹೇಗೋ ನನ್ನ ಪಾಲಿಗೆ ಬಂದಿತ್ತು. "ಬೆಳಿಗ್ಗೆ ಏನು ತಿಂದೆ?" ಎಂದು ಕೇಳಿದರೆ "ಟೀ ಕುಡ್ದೆ ಮಿಸ್" ಅನ್ನುತ್ತಿದ್ದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುತ್ತಿತ್ತು. ಇದರ ಬಗ್ಗೆಯೇ ಓದಬೇಕು, ನ್ಯೂಟ್ರಿಷನ್ ಅಂಡ್ ಡಯಟೆಟಿಕ್ಸ್‌ನಲ್ಲಿ ಎಂ.ಎಸ್ಸಿ. ಮಾಡಬೇಕು ಎಂದು ಆಸೆ ಹುಟ್ಟಿದ್ದು ಆಗ. ವಿಚಾರಿಸಿದಾಗ, ನನ್ನ ಡಿಗ್ರಿ ಸಾಲದು ಅಂದರು. ಕೆಮಿಸ್ಟ್ರಿ, ಫಿಸಿಯಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ, ಇಷ್ಟನ್ನು ಮೊದಲು ಪಾಸು ಮಾಡಿಕೊಂಡು ಬರಬೇಕಂತೆ. ಆಮೇಲೆ ಸೀಟಿನ ಮಾತು.

ಶಿರಾ ಕಡೆಯ ಒಂದು ಕಾಲೇಜಿನಲ್ಲಿ ನನ್ನಂಥವರಿಗೆಂದೇ ಒಂದು ವರ್ಷದ ಬ್ರಿಡ್ಜ್ ಕೋರ್ಸ್ ಇತ್ತು. ಸ್ಕೂಲು ಬಿಟ್ಟು ಅದಕ್ಕೆ ಸೇರಿಕೊಂಡೆ. ಅಪ್ಪ ತೀರಿಕೊಂಡು ಬಹಳ ವರ್ಷವಾಗಿತ್ತು. ಮನೆಯಲ್ಲಿ ಇದ್ದದ್ದು ಅಮ್ಮ ಮತ್ತು ನಾನು. "ಇರೋ ಓದನ್ನೇ ಮುಕ್ಕಾಲು ಮರ್ತಿದ್ದೀಯ, ಇನ್ನೊಂದು ಯಾಕೇ?" ಅಂದಳು ಅಮ್ಮ. ಆದರೂ ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿ ಬಸ್ ಸ್ಟ್ಯಾಂಡಿಗೆ ಕಳಿಸುತ್ತಿದ್ದಳು.

ಕೆಮಿಸ್ಟ್ರಿ ನನ್ನನ್ನು ಅಳಿಸಿತು. ಮೈಕ್ರೋಬಯಾಲಜಿ ಹೆದರಿಸಿತು. ಅವರವರ ಮನೆಯ ಕುಡಿಯುವ ನೀರನ್ನೇ ತಂದು, ಕ್ರಿಮಿ ಬೆಳೆಯುವ ಲೋಳೆ ಹರಡಿದ ಗಾಜಿನ ಬಿಲ್ಲೆಯ ಮೇಲೆ ಹಾಕಿ ಬೆಚ್ಚಗೆ ಇಟ್ಟೆವು. ಎರಡು ದಿನ ಬಿಟ್ಟು ತೆಗೆದರೆ ನನ್ನ ಬಿಲ್ಲೆಯ ತುಂಬ ಹಳದಿ, ಬಿಳಿ ಚುಕ್ಕೆಗಳು ಎದ್ದಿದ್ದವು. ಅಂದಿನಿಂದ ಮನೆಯಲ್ಲಿ ನೀರು ಕಾಯಿಸದೆ ಕುಡಿಯಲು ನಾನು ಬಿಡಲಿಲ್ಲ. ಒಂದು ವಾರ ನನಗೇ ಥೈರಾಯ್ಡ್ ಇದೆ ಅನ್ನಿಸಿತು. ಇನ್ನೊಂದು ವಾರ ಅಮ್ಮನಿಗೆ ಸಕ್ಕರೆ ಕಾಯಿಲೆ ಅನ್ನಿಸಿ, ಹಟ ಹಿಡಿದು ರಕ್ತ ಪರೀಕ್ಷೆ ಮಾಡಿಸಿದೆ. ಏನೂ ಇರಲಿಲ್ಲ. ಎದುರು ಮನೆಯವರ ಕುತ್ತಿಗೆ ನೋಡಿ ಏನೋ ಹೇಳಲು ಹೋಗಿ ಬೈಸಿಕೊಂಡೆ. "ಬಂದ್ಲು ನಮ್ಮ ಡಾಕ್ಟ್ರಮ್ಮ, ಎಲ್ರೂ ಮುಖ ಮುಚ್ಕಳಿ," ಎಂದು ಅಮ್ಮ ಬೀದಿಗೆಲ್ಲ ಕೇಳುವ ಹಾಗೆ ನಗುತ್ತಿದ್ದಳು. ಮೇಡಂ ಹೇಳಿದ್ದು ನಿಜ ಎಂದು ನನಗೂ ಖಾತ್ರಿಯಾಯಿತು. ಪುಸ್ತಕದಲ್ಲಿ ಓದಿದ್ದು ಯಾರ ಮೈಯಲ್ಲಾದರೂ ಕಂಡರೆ, ಅದು ಪುಸ್ತಕದ ಚೇಷ್ಟೆ ಎಂದು ನನಗೆ ನಾನೇ ಹೇಳಿಕೊಳ್ಳುವುದನ್ನು ಕಲಿತೆ.

ಅದನ್ನು ಚೆನ್ನಾಗಿ ಕಲಿತ ಹೊತ್ತಿಗೆ ಅಕ್ಕ ಹೆರಿಗೆಗೆ ಮನೆಗೆ ಬಂದಳು.

ಅಕ್ಕನನ್ನು ಕೊಟ್ಟಿದ್ದು ಪಾವಗಡದ ಕಡೆ, ವಳ್ಳೂರಿನ ಹತ್ತಿರದ ಒಂದು ಹಳ್ಳಿಗೆ. ಭಾವನಿಗೆ ಸೋಲಾರ್ ಪಾರ್ಕಿನಲ್ಲಿ ಕೆಲಸ. ಅವರ ಮನೆಯ ಹಿತ್ತಿಲಿನಿಂದ ನೋಡಿದರೆ ದಿಗಂತದವರೆಗೂ ಪ್ಯಾನೆಲ್ಲುಗಳು. ಮಧ್ಯಾಹ್ನ ಆ ಕಡೆ ಕಣ್ಣು ಬಿಟ್ಟು ನೋಡಲಾಗುವುದಿಲ್ಲ. ಅಕ್ಕನಿಗೆ ಇದು ಮೊದಲ ಬಸಿರು. ಏಳು ತುಂಬುತ್ತಿದ್ದ ಹಾಗೆ ಸೀಮಂತ ಮುಗಿಸಿ, ಅವಳ ಅತ್ತೆ ಜೊತೆಯಲ್ಲೇ ಬಂದು ನಮ್ಮ ಮನೆಯಲ್ಲಿ ಬಿಟ್ಟು ಹೋದರು. ಹೋಗುವಾಗ, "ಪಾವಗಡದಾಗ ಡಾಕ್ಟ್ರು ಬಿ.ಪಿ. ಒಂಚೂರು ಎಕ್ಕುವ ಐತೆ, ಜಾಸ್ತಿ ಐತೆ ಅಂದ್ರು. ಮುಂದ್ಲ ವಾರ ಮಳ್ಳಾ, ಇನ್ನೊಂದ್ಸಲ ತೋರ್ಸಿ ಅಂದವ್ರೆ, ಮರೀಬ್ಯಾಡ ವದಿನಾ," ಅಂದರು. ಆ ಸೀಮೆಯವರ ಮಾತಿನಲ್ಲಿ ಕನ್ನಡ ತೆಲುಗು ಎರಡೂ ಬೆರೆತಿರುತ್ತವೆ. ನಮ್ಮಮ್ಮನನ್ನು ಅವರು ಕರೆಯುವುದೇ ವದಿನಾ, ಅತ್ತಿಗೆ ಎಂದು.

ಅಕ್ಕ ಬಸ್ಸಿನ ಆಯಾಸಕ್ಕೆ ಎರಡು ದಿನ ಮಲಗಿದಳು. ಆಮೇಲೆ ಬಿಸಿಲು ಜಾಸ್ತಿ, ತಂಪಾಗಲಿ ಎಂದು ಆಸ್ಪತ್ರೆಗೆ ಹೋಗುವುದು ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಅವಳ ಪಾದಗಳು ಊದಿದವು. ಅಮ್ಮನಿಗೆ ಇದು ಹೊಸದಲ್ಲ. "ನೀವಿಬ್ರೂ ಹೊಟ್ಟೇಲಿದ್ದಾಗ ನನ್ ಕಾಲು ಇದ್ರ ಎರಡರಷ್ಟು ಆಗಿದ್ವು. ನೀರು ತುಂಬ್ಕಂಡೈತೆ ಅಷ್ಟೇ ಕಣಮ್ಮ," ಎಂದು ಅಡುಗೆಗೆ ಉಪ್ಪು ಕಡಿಮೆ ಮಾಡಿದಳು. ಅಕ್ಕ ಸಪ್ಪೆ ಸಾರಿಗೆ ಮುಖ ಸಿಂಡರಿಸಿಕೊಂಡು ಮುದ್ದೆ ನುಂಗುತ್ತಿದ್ದಳು. ಊಟವಾದ ಮೇಲೆ ಎದೆಯ ಕೆಳಗೆ, ಬಲಗಡೆ, ಯಾರೋ ಗುದ್ದಿದ ಹಾಗೆ ನೋವು ಅನ್ನುತ್ತಿದ್ದಳು. ಗ್ಯಾಸು ಎಂದು ಅಮ್ಮ ಜೀರಿಗೆ ನೀರು ಕೊಟ್ಟಳು.

ಒಂದು ದಿನ ಸಂಜೆ ಕಾಲೇಜಿನಿಂದ ಬಂದಾಗ ಅಮ್ಮ ಅಕ್ಕನ ಪಾದ ತೊಡೆಯ ಮೇಲಿಟ್ಟುಕೊಂಡು ಕಾಲುಂಗುರಕ್ಕೆ ಹರಳೆಣ್ಣೆ ಹಚ್ಚುತ್ತಿದ್ದಳು. ಬೆರಳು ಊದಿ ಉಂಗುರ ಮಾಂಸದೊಳಗೆ ಹೂತುಹೋಗಿತ್ತು.

"ತೆಗೀತಿದ್ದೀಯೇನಮ್ಮ?" ಅಂದೆ.

"ತೆಗಿಯೋದೆಲ್ಲಿ ಬಂತು? ಸ್ವಲ್ಪ ಸಡ್ಲ ಆಗ್ಲಿ ಅಂತ ಹಚ್ತಿದ್ದೀನಿ. ಬಾಯಲ್ಲಿ ಅಂಥ ಮಾತೆಲ್ಲ ಆಡ್ಬ್ಯಾಡ," ಎಂದು ಅಮ್ಮ ಗದರಿದಳು. ಮುತ್ತೈದೆಯ ಕಾಲಿನಿಂದ ಉಂಗುರ ತೆಗೆಯುವುದು ಅವಳಿಗೆ ಊಹಿಸಲೂ ಆಗದ ಸಂಗತಿ.

ಆ ವಾರವೇ ಕ್ಲಾಸಿನಲ್ಲಿ ಮೂತ್ರಪಿಂಡದ ಪಾಠ ಶುರುವಾಗಿತ್ತು. ಮೇಡಂ ಬೋರ್ಡಿನ ಮೇಲೆ ಹುರುಳಿಕಾಳಿನ ಆಕಾರ ಬರೆದು, ಅದರೊಳಗೆ ಸಣ್ಣ ಸಣ್ಣ ಸಿಂಬೆಗಳನ್ನು ಬಿಡಿಸಿದರು. "ಇದನ್ನ ಜರಡಿ ಅಂದ್ಕೊಳ್ಳಿ. ರಕ್ತ ಇದರ ಮೂಲಕ ಸೋಸಿಕೊಂಡು ಹೋಗುತ್ತೆ. ನೀರು, ಉಪ್ಪು ಎಲ್ಲ ಆಚೆ ಹೋಗ್ತವೆ. ಪ್ರೋಟೀನ್ ಮಾತ್ರ ಹೋಗಕೂಡದು. ಅದು ಹೋಯ್ತು ಅಂದ್ರೆ ಜರಡಿ ಹರಿದಿದೆ ಅಂತ. ರಕ್ತದಲ್ಲಿ ಪ್ರೋಟೀನ್ ಕಡಿಮೆಯಾದ್ರೆ ನೀರು ರಕ್ತನಾಳದಲ್ಲಿ ನಿಲ್ಲಲ್ಲ. ಎಲ್ಲಿಗೆ ಹೋಗುತ್ತೆ?"

"ಕಾಲಿಗೆ ಮೇಡಂ," ಎಂದು ಯಾರೋ ಅಂದರು.

"ಕಾಲಿಗೆ, ಮುಖಕ್ಕೆ, ಕೈಗೆ."

ಅಕ್ಕನ ಮುಖ ಎರಡು ದಿನದಿಂದ ಬೆಳಿಗ್ಗೆ ಹೊತ್ತು ಉಬ್ಬಿರುತ್ತಿದ್ದುದು ನನಗೆ ನೆನಪಾಯಿತು. ಕೂಡಲೇ ಅಮ್ಮನ ನಗು, ಎದುರು ಮನೆಯವರ ಬೈಗುಳ ಎಲ್ಲವೂ ನೆನಪಿಗೆ ಬಂದವು. ಪುಟ ತಿರುವಿದೆ. ಆದರೂ ಕ್ಲಾಸು ಮುಗಿದ ಮೇಲೆ ಬಾಗಿಲ ಹತ್ತಿರ ಮೇಡಂ ಅವರನ್ನು ತಡೆದು, ಬಸುರಿಗೆ ಕಾಲು ಊದಿದರೆ ಉಪ್ಪು ಬಿಡಿಸಬೇಕೇ ಎಂದು ಕೇಳಿದೆ.

"ಉಪ್ಪು ಬಿಡಿಸಿದ್ರೆ ಅದೇನೂ ಇಳಿಯಲ್ಲ. ಬಿ.ಪಿ. ನೋಡ್ಸಿದೀರಾ?"

"ಮುಂದಿನ ವಾರ ಕರ್ಕೊಂಡು ಹೋಗ್ಬೇಕು ಮೇಡಂ."

"ಮುಂದಿನ ವಾರ ಯಾಕೆ?" ಅಂದರು. ಅಷ್ಟರಲ್ಲಿ ಪ್ರಿನ್ಸಿಪಾಲರು ಕರೆದರೆಂದು ಅಟೆಂಡರ್ ಬಂದ. ಆ ಪ್ರಶ್ನೆಗೆ ನಾನು ಉತ್ತರ ಕೊಡಬೇಕಾಗಿ ಬರಲಿಲ್ಲ.

ಮನೆಗೆ ಹೋಗಿ ಹೇಳಿದೆ. ಅಮ್ಮ, "ಸೋಮವಾರ ಹೋಗಣ ಬುಡು," ಅಂದಳು. ಅಕ್ಕ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ಏನಾಯಿತೆಂದು ಕೇಳಿದರೆ, "ತಲೆ ಸಿಡೀತೈತೆ ಕಣೇ. ಕಣ್ಮುಂದೆ ಆಗಾಗ ಫಳಫಳ ಅಂತದೆ. ನಮ್ಮ ಹಿತ್ಲಲ್ಲಿ ನಿಂತು ಪ್ಯಾನೆಲ್ ನೋಡ್ದಂಗೆ," ಅಂದಳು. ಅಷ್ಟು ದಿನ ಆ ಹೊಳಪು ನೋಡಿ ನೋಡಿ ಕಣ್ಣಿಗೆ ಹಿಡಿದುಬಿಟ್ಟಿದೆ, ಇಲ್ಲಿ ನಾಲ್ಕು ದಿನ ಇದ್ದರೆ ಹೋಗುತ್ತದೆ ಎಂದು ನಾವು ಮೂವರೂ ಒಪ್ಪಿಕೊಂಡೆವು. ಆ ವಿವರಣೆ ಎಷ್ಟು ಸಲೀಸಾಗಿತ್ತೆಂದರೆ ಇನ್ನೊಂದನ್ನು ಯೋಚಿಸುವ ಅಗತ್ಯವೇ ಬೀಳಲಿಲ್ಲ.

ಶನಿವಾರ ಪ್ರಾಕ್ಟಿಕಲ್ ಇತ್ತು. ಮೂತ್ರ ಪರೀಕ್ಷೆ. ಎಲ್ಲರೂ ಬೆಳಗಿನ ಸ್ಯಾಂಪಲ್ ತರಬೇಕು, ಮುಟ್ಟಾಗಿರುವವರು ಮನೆಯಲ್ಲಿ ಬೇರೆ ಯಾರದಾದರೂ ತನ್ನಿ, ಇಲ್ಲದಿದ್ದರೆ ಫಲಿತಾಂಶ ತಪ್ಪಾಗುತ್ತದೆ ಎಂದಿದ್ದರು. ನಾನು ಮುಟ್ಟಾಗಿದ್ದೆ. ಅಮ್ಮನನ್ನು ಕೇಳಿದರೆ ಪೊರಕೆ ತೆಗೆದುಕೊಳ್ಳುತ್ತಿದ್ದಳು. ಅಕ್ಕನನ್ನು ಕೇಳಿದೆ. ತಲೆನೋವಿನಲ್ಲೂ ಅವಳಿಗೆ ನಗು ಬಂತು. "ನನ್ ಉಚ್ಚೆಗೂ ಮಾರ್ಕ್ಸ್ ಕೊಡ್ತಾರೇನೇ?" ಅಂದಳು. ಔಷಧಿಯ ಖಾಲಿ ಬಾಟಲಿಯೊಂದನ್ನು ಕುದಿಸಿ ಒಣಗಿಸಿ ಇಟ್ಟಿದ್ದೆ. ಅದರಲ್ಲಿ ಕೊಟ್ಟಳು. ಎರಡು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಡಬ್ಬಿಗೆ ತಾಗದ ಹಾಗೆ ಬ್ಯಾಗಿನ ಮೂಲೆಯಲ್ಲಿಟ್ಟು ಶಿರಾ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಯಾರಾದರೂ ಬ್ಯಾಗು ಒತ್ತಿದರೆ ಏನು ಗತಿ ಎಂದು ದಾರಿಯುದ್ದಕ್ಕೂ ಒಳಗೊಳಗೇ ನಗು.

ಲ್ಯಾಬಿನಲ್ಲಿ ಕಿಟಕಿಗಳನ್ನು ಮುಚ್ಚಿದ್ದರು, ದೀಪದ ಉರಿ ಗಾಳಿಗೆ ಆಡಬಾರದೆಂದು. ಸೆಖೆ. ಆಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ ಎಂದು ನೋಡುವ ಹಳೆಯ ವಿಧಾನ ಅದು. ಟೆಸ್ಟ್ ಟ್ಯೂಬಿನ ಮುಕ್ಕಾಲು ಭಾಗ ತುಂಬಿಸಿ, ಮೇಲಿನ ಅರ್ಧವನ್ನು ಮಾತ್ರ ಸ್ಪಿರಿಟ್ ದೀಪಕ್ಕೆ ಹಿಡಿಯಬೇಕು. ಕೆಳಗಿನದು ಹಾಗೇ ಇದ್ದರೆ ಹೋಲಿಸಿ ನೋಡಲು ಅನುಕೂಲ. ಕಾದ ಕಡೆ ಮೋಡದ ಹಾಗೆ ಬೆಳ್ಳಗಾದರೆ ಗಾಬರಿಯಾಗುವಂಥದ್ದೇನಿಲ್ಲ, ಕೆಲವು ಲವಣಗಳಿಂದಲೂ ಹಾಗಾಗುತ್ತದೆ. ಅಸಿಟಿಕ್ ಆಸಿಡ್ ಎರಡು ಹನಿ ಬಿಟ್ಟರೆ ಲವಣದ ಮೋಡ ಕರಗುತ್ತದೆ. ಪ್ರೋಟೀನಿನದಾದರೆ ಕರಗುವುದಿಲ್ಲ.

ನನ್ನ ಪಕ್ಕದವಳ ಟ್ಯೂಬು ಬೆಳ್ಳಗಾಯಿತು. ಆಸಿಡ್ ಬಿಟ್ಟ ತಕ್ಷಣ ತಿಳಿಯಾಯಿತು. "ಅಬ್ಬ," ಎಂದು ಅವಳು ಎದೆ ಮುಟ್ಟಿಕೊಂಡಳು. ನನ್ನದು ಕಾಯುತ್ತಿದ್ದ ಹಾಗೇ ಬೆಳ್ಳಗಾಯಿತು. ನಾನೂ ಆಸಿಡ್ ಬಿಟ್ಟೆ. ಮೋಡ ಇನ್ನಷ್ಟು ದಟ್ಟವಾಯಿತು. ಒಡೆದ ಹಾಲಿನಂತೆ ಚೂರು ಚೂರಾಗಿ ಮೇಲೆ ನಿಂತಿತು. ಇನ್ನೆರಡು ಹನಿ ಬಿಟ್ಟೆ. ಕೆಳಗಿನ ಅರ್ಧ ಹಳದಿ ನೀರಾಗಿಯೇ ಇತ್ತು. ಮೇಲಿನರ್ಧವನ್ನು ದೀಪಕ್ಕೆ ಅಡ್ಡ ಹಿಡಿದರೆ ಆಚೆಯ ಉರಿಯೇ ಕಾಣಿಸುತ್ತಿರಲಿಲ್ಲ.

ಮೇಡಂ ಹಿಂದಿನಿಂದ ಬಂದು, "ಓ, ನಾನು ಮೊಟ್ಟೆ ಬಿಳಿ ಬೆರೆಸಿಟ್ಟಿದ್ನಲ್ಲ, ಆ ಸ್ಯಾಂಪಲ್ ತಗೊಂಡ್ರಾ? ಚೆನ್ನಾಗಿ ಬಂದಿದೆ, ಎಲ್ರೂ ನೋಡಿ ಇಲ್ಲಿ," ಅಂದರು.

"ಇಲ್ಲ ಮೇಡಂ. ಇದು ಮನೆಯಿಂದ ತಂದಿದ್ದು."

"ಬಾಟಲಿ ತೊಳೆದಿದ್ರಾ?"

"ಕುದಿಸಿದ್ದೆ ಮೇಡಂ."

"ಯಾರದು?"

"ನಮ್ಮಕ್ಕಂದು."

ಅವರು ನನ್ನ ಕೈಯಿಂದ ಟ್ಯೂಬು ತೆಗೆದುಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಅದನ್ನು ನಿಧಾನವಾಗಿ ಸ್ಟ್ಯಾಂಡಿನಲ್ಲಿಟ್ಟು, ನನ್ನ ದೀಪಕ್ಕೆ ಮುಚ್ಚಳ ಮುಚ್ಚಿದರು. "ಮೊನ್ನೆ ಕೇಳಿದ್ರಲ್ಲ, ಆ ಅಕ್ಕನಾ?" ಎಂದರು. ತಲೆಯಾಡಿಸಿದೆ. "ತಲೆನೋವು ಅಂತಾರಾ?" ಹೂಂ ಅಂದೆ. "ಕಣ್ಣು?" ಎಂದರು. ಮಿಂಚು ಬರುತ್ತಂತೆ ಅಂದೆ.

"ಕೋಟು ಬಿಚ್ಚಿ. ಹೋಗಿ. ಫೋನ್ ಮಾಡಿ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಹೇಳಿ. ನೀವು ಹೋಗೋವರೆಗೂ ಕಾಯೋದು ಬೇಡ."

ಮೆಟ್ಟಿಲಿಳಿಯುತ್ತಲೇ ಅಕ್ಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಅಮ್ಮನ ಫೋನಿಗೆ ಮಾಡಿದೆ, ಎತ್ತಿದಳು.

"ಅವ್ಳು ಈಗಿನ್ನೂ ಮಲಗವ್ಳೆ. ಬೆಳಿಗ್ಗೆಯೆಲ್ಲ ವಾಂತಿ ಮಾಡ್ಕಂಡ್ಳು. ಅವ್ಳ ಅತ್ತೇನೂ ಬಂದವ್ರೆ, ಕಡ್ಲೆಕಾಯಿ ಉಂಡೆ ತಂದವ್ರೆ."

"ಅಮ್ಮ, ಆಟೋ ಕರೆಸು. ಈಗ್ಲೇ ಆಸ್ಪತ್ರೆಗೆ ಹೊರಡು."

"ಏನಾಯ್ತೇ ನಿಂಗೆ?"

"ಅವಳ ಸ್ಯಾಂಪಲ್ಲಲ್ಲಿ ಪ್ರೋಟೀನ್ ಬಂದೈತೆ ಅಮ್ಮ. ಮೇಡಂ ಹೇಳಿದ್ರು."

"ನಿನ್ನ ಕಾಲೇಜಲ್ಲಿ ಏನೋ ಕಾಯಿಸಿ ನೋಡ್ದೆ ಅಂತ ಮಲಗಿರೋ ಬಸುರೀನ ಎಬ್ಬಿಸಿ ಬಿಸ್ಲಲ್ಲಿ ಎಳ್ಕಂಡೋಗ್ಲಾ? ನಂಗೂ ಸಕ್ರೆ ಕಾಯ್ಲೆ ಅಂದಿದ್ದೆ ಅಲ್ವಾ? ನೀನು ಮೊದ್ಲು ಮನೇಗ್ ಬಾ," ಎಂದು ಫೋನ್ ಇಟ್ಟುಬಿಟ್ಟಳು. ಮತ್ತೆ ಮಾಡಿದರೆ ಎತ್ತಲಿಲ್ಲ. ಈಗ ಅನ್ನಿಸುತ್ತದೆ, ಅದು ಸಿಟ್ಟಾಗಿರಲಿಲ್ಲ. ಅವಳಿಗೂ ಒಳಗೊಳಗೇ ಗೊತ್ತಾಗತೊಡಗಿತ್ತು. ಗೊತ್ತಾಗುವುದು ಬೇಡವಾಗಿತ್ತು.

ಆ ದಿನ ಶಿರಾದಿಂದ ಮಧುಗಿರಿಗೆ ಬಂದ ಬಸ್ಸಿನಷ್ಟು ನಿಧಾನವಾದ ಬಸ್ಸಿನಲ್ಲಿ ನಾನು ಎಂದೂ ಕೂತಿಲ್ಲ. ಪ್ರತಿ ಹಳ್ಳಿಯ ಗೇಟಿಗೂ ಡ್ರೈವರ್ ನಿಲ್ಲಿಸಿದ. ಯಾರೋ ಕೋಳಿ ಬುಟ್ಟಿ ಹತ್ತಿಸಿದರು. ಯಾರೋ ಚಿಲ್ಲರೆಗೆ ಜಗಳವಾಡಿದರು. ಭಾವನಿಗೆ ಫೋನ್ ಮಾಡಿ ಹೇಳಿದೆ. ಅವರು ಬೈಕಿನಲ್ಲಿ ಹೊರಟರು. ಬ್ಯಾಗಿನಲ್ಲಿದ್ದ ಪುಸ್ತಕ ತೆಗೆದು ಮೂತ್ರಪಿಂಡದ ಪಾಠದ ಕೊನೆಯ ಪುಟ ನೋಡಿದೆ. ಸಣ್ಣ ಅಕ್ಷರದಲ್ಲಿ, ಚೌಕಟ್ಟಿನೊಳಗೆ, ಬಸಿರಿನಲ್ಲಿ ಬಿ.ಪಿ. ಏರಿದರೆ ಆಗುವ ತೊಂದರೆಗಳೆಂದು ಬರೆದಿತ್ತು. ಪರೀಕ್ಷೆಗೆ ಅದು ಬರುವುದಿಲ್ಲ ಎಂದು ನಾವೆಲ್ಲ ಬಿಟ್ಟಿದ್ದ ಭಾಗ. ತಲೆನೋವು. ಕಣ್ಣಿಗೆ ಮಿಂಚು. ಮೇಲ್ಹೊಟ್ಟೆಯಲ್ಲಿ, ಬಲಕ್ಕೆ, ನೋವು. ವಾಂತಿ. ಆಮೇಲೆ ಫಿಟ್ಸ್. ಅಕ್ಕನ ಒಂದು ವಾರವನ್ನು ಯಾರೋ ಮೊದಲೇ ನೋಡಿ ಬರೆದಿಟ್ಟ ಹಾಗಿತ್ತು. ಕಿಟಕಿಯಾಚೆ ಬೋಳು ಬಂಡೆಗಳು ಬಿಸಿಲಿಗೆ ಕಾದು ನಿಂತಿದ್ದವು. ಪುಸ್ತಕ ಮುಚ್ಚಿದೆ.

ಮನೆ ತಲುಪಿದಾಗ ಅಕ್ಕ ಎದ್ದು ಕೂತಿದ್ದಳು. ಅವಳ ಮುಖ ನನಗೆ ಗುರುತು ಸಿಗದಷ್ಟು ಊದಿತ್ತು. ಅವಳ ಅತ್ತೆ ಬೀಸಣಿಗೆಯಿಂದ ಗಾಳಿ ಹಾಕುತ್ತಿದ್ದರು. ಅಮ್ಮ ಒಲೆಯ ಮುಂದೆ ಗಂಜಿ ಕಾಯಿಸುತ್ತಿದ್ದಳು, ನನ್ನ ಕಡೆ ತಿರುಗಲಿಲ್ಲ. ನಾನು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಟ್ಯೂಬು ಬೆಳ್ಳಗಾಗಿದ್ದು, ಮೇಡಂ ಕೇಳಿದ್ದು, ಪುಸ್ತಕದಲ್ಲಿ ಇದ್ದದ್ದು.

"ಗಂಜಿ ಕುಡ್ದು ಸ್ವಲ್ಪ ಸುಧಾರಿಸ್ಕಳ್ಳಿ. ಬಿಸ್ಲು ಇಳೀಲಿ," ಅಂದಳು ಅಮ್ಮ ಒಲೆಗೇ ಹೇಳುವವಳಂತೆ.

ಅಕ್ಕನ ಅತ್ತೆ ಬೀಸಣಿಗೆ ನಿಲ್ಲಿಸಿದ್ದರು. ಅವರು ಸೊಸೆಯ ಆಸ್ಪತ್ರೆ ಖರ್ಚಿಗೆ, ಔಷಧಿಗೆ ಎಲ್ಲಕ್ಕೂ ಮೂಗು ಮುರಿಯುವವರೆಂದು ನಮ್ಮ ಮನೆಯಲ್ಲಿ ಹೆಸರಾಗಿತ್ತು. ಅಡ್ಡ ಮಾತು ಬಂದರೆ ಅವರಿಂದಲೇ ಬರುತ್ತದೆ ಎಂದು ನಾನು ದಾರಿಯಲ್ಲಿ ಜವಾಬು ಹೊಂದಿಸಿಕೊಂಡು ಬಂದಿದ್ದೆ. ಅವರು ಅಕ್ಕನ ಗದ್ದ ಹಿಡಿದೆತ್ತಿ, "ಕಣ್ಣಾಗ ಮಿಂಚು ಬರ್ತೈತಾ? ನಾಕ್ಯಾಕೆ ಚೆಪ್ಪಲೇದು? ನಂಗ್ಯಾಕೆ ಹೇಳ್ಳಿಲ್ಲ?" ಎಂದು ಕೇಳಿದರು. ಅಕ್ಕ ಅಪರಾಧ ಮಾಡಿದವಳ ಹಾಗೆ, "ಪ್ಯಾನೆಲ್ ನೋಡಿ ನೋಡಿ ಅಂಗಾಗೈತೆ ಅಂದ್ಕಂಡೆ ಅತ್ತೆ," ಅಂದಳು.

ಅವರು ಎದ್ದು ಸೆರಗು ಸಿಕ್ಕಿಸಿಕೊಂಡರು. "ಲೇ ವದಿನಾ. ನನ್ ತಂಗಿ, ನಾ ಚೆಲ್ಲೆಲು, ಇಂಗೇ ಮಿಂಚು ಮಿಂಚು ಅಂತಿದ್ಲು. ದೇವ್ರು ಬಂದೈತೆ ಅಂತ ಮನ್ಯಾಗ ಕುಂಕುಮ ಹಚ್ಚಿ ಕೂರ್ಸಿದ್ರು. ಸಾಯಂಕಾಲಕ್ಕೆ ಮೈ ಸೆಟ್ಕಂಡು ಹೋಯ್ತು. ಹೊಟ್ಟೇಲಿದ್ದಿದ್ದೂ ಹೋಯ್ತು. ಆ ಒಲೆ ಆರ್ಸು. ನಡಿ."

ಅಮ್ಮ ಒಲೆ ಆರಿಸಿದಳು. ಪಾತ್ರೆ ಇಳಿಸುವಾಗ ಗಂಜಿ ಚೆಲ್ಲಿತು. ಅದನ್ನು ಒರೆಸಲು ಬಗ್ಗಿದವಳನ್ನು ಅವರೇ ತೋಳು ಹಿಡಿದು ಎಬ್ಬಿಸಿ ಆಚೆ ಕರೆತಂದರು.

ಮಧುಗಿರಿಯ ಆಸ್ಪತ್ರೆಯಲ್ಲಿ ನರ್ಸು ಬಿ.ಪಿ. ಪಟ್ಟಿ ಸುತ್ತಿ ನೋಡಿದಳು. ಬಿಚ್ಚಿ ಮತ್ತೆ ಸುತ್ತಿದಳು. ಓಡಿಹೋಗಿ ಡಾಕ್ಟರನ್ನು ಕರೆತಂದಳು. ಆಮೇಲೆ ಎಲ್ಲವೂ ಬೇಗ ಬೇಗ ನಡೆಯಿತು. ಸೊಂಟದ ಎರಡೂ ಕಡೆ ಇಂಜೆಕ್ಷನ್ ಕೊಟ್ಟರು. ಕಾಲು, ಕೈ ನೋಡಿ, ಬೆರಳು ನೀಲಿಗಟ್ಟುತ್ತಿದೆ ಎಂದು ಕಾಲುಂಗುರವನ್ನು ಕತ್ತರಿಸಿ ತೆಗೆದರು. ಅದರ ಎರಡು ತುಂಡುಗಳನ್ನು ನರ್ಸು ಅಮ್ಮನ ಅಂಗೈಯಲ್ಲಿ ಹಾಕಿದಾಗ ಅಮ್ಮ ಮೊದಲ ಸಲ ಅತ್ತಳು. ಇಲ್ಲಿ ಆಗುವುದಿಲ್ಲ, ತುಮಕೂರಿಗೆ ಕರೆದೊಯ್ಯಬೇಕು, ಮಗುವನ್ನು ತೆಗೆಯದೆ ಇದು ನಿಲ್ಲುವುದಿಲ್ಲ ಎಂದು ಡಾಕ್ಟರು ಹೇಳಿದರು. ಭಾವ ಅಷ್ಟರಲ್ಲಿ ಧೂಳು ಮೆತ್ತಿದ ಮುಖದಲ್ಲಿ ಬಂದು ಮುಟ್ಟಿದ್ದರು. ಆಂಬುಲೆನ್ಸಿನಲ್ಲಿ ಇಬ್ಬರಿಗೆ ಜಾಗ. ನಾನೂ ಭಾವನೂ ಹತ್ತಿದೆವು.

ಅಕ್ಕ ನನ್ನ ಕೈ ಹಿಡಿದುಕೊಂಡಿದ್ದಳು. ಮೈ ಕಾಯುತ್ತಿದೆ, ಇಂಜೆಕ್ಷನ್ನಿಂದಲೇನೋ ಅಂದಳು. ಕಿಟಕಿಯ ಗಾಜಿಗೆ ಬಣ್ಣ ಬಳಿದಿದ್ದರಿಂದ ಆಚೆ ಏನೂ ಕಾಣುತ್ತಿರಲಿಲ್ಲ. ಮೇಲೆ ಬಿಟ್ಟಿದ್ದ ಸಣ್ಣ ಸಂದಿಯಲ್ಲಿ ಒಂದು ಬೆಟ್ಟದ ತುದಿ ಬಂದು ಹೋಯಿತು. "ಸಿದ್ಧರಬೆಟ್ಟ ಬಂತಾ?" ಎಂದು ಅಕ್ಕ ಕೇಳಿದಳು. ಚಿಕ್ಕವರಿದ್ದಾಗ ಅಪ್ಪ ನಮ್ಮಿಬ್ಬರನ್ನೂ ಹತ್ತಿಸಿದ್ದ ಬೆಟ್ಟ ಅದು. ಇನ್ನೂ ಇಲ್ಲ, ಬೇರೆ ಯಾವುದೋ ಬೆಟ್ಟ ಅಂದೆ. "ಎಲ್ಲ ಬೆಟ್ಟಾನೂ ಒಂದೇ ಥರ," ಅಂದಳು. ಆ ದಿನ ಅವಳು ಆಡಿದ ಕೊನೆಯ ಮಾತು ಅದು. ಕೊರಟಗೆರೆ ಬರುವ ಮೊದಲೇ ಅವಳ ಕೈ ನನ್ನ ಕೈಯೊಳಗೆ ಬಿಗಿಯಾಯಿತು. ಹಿಡಿತ ಎಂದುಕೊಂಡೆ. ನೋಡಿದರೆ ತುಟಿ ಒಂದು ಪಕ್ಕಕ್ಕೆ ಸೊಟ್ಟಗಾಗಿತ್ತು, ಕಣ್ಣು ಮೇಲಕ್ಕೆ ಹೋಗಿತ್ತು. ಇಡೀ ಮೈ ಬಡಿದುಕೊಳ್ಳತೊಡಗಿತು.

ಆಂಬುಲೆನ್ಸಿನ ಹುಡುಗಿ, ನನಗಿಂತ ಚಿಕ್ಕವಳು, "ಪಕ್ಕಕ್ಕೆ ಮಲಗಿಸಿ, ಪಕ್ಕಕ್ಕೆ!" ಎಂದು ಕೂಗುತ್ತ ಆಕ್ಸಿಜನ್ ಹಿಡಿದಳು. ಭಾವ ಅಕ್ಕನ ಹೆಸರು ಹಿಡಿದು ಕರೆಯುತ್ತಲೇ ಇದ್ದರು. ನನಗೆ ಆ ಹೊತ್ತಿನಲ್ಲಿ ಬೇರೇನೂ ನೆನಪಾಗದೆ, ಚೌಕಟ್ಟಿನೊಳಗಿನ ಆ ಸಣ್ಣ ಅಕ್ಷರಗಳಲ್ಲಿ ಫಿಟ್ಸ್ ಆದ ಮೇಲೆ ಮುಂದೆ ಏನು ಬರೆದಿತ್ತು ಎಂಬುದೊಂದೇ ನೆನಪಾಗುತ್ತಿತ್ತು. ಅದನ್ನು ಇಲ್ಲಿ ಬರೆಯಲಾರೆ. ಬಡಿತ ನಿಂತ ಮೇಲೆ ಅಕ್ಕ ಗೊರಕೆಯ ಹಾಗೆ ಉಸಿರಾಡುತ್ತ ಮಲಗಿದಳು. ಅಷ್ಟು ಭಯಂಕರವಾದ ಸದ್ದು ನನಗೆ ಆ ಗಳಿಗೆಯಲ್ಲಿ ಎಷ್ಟು ಸಮಾಧಾನ ಕೊಟ್ಟಿತೆಂದರೆ, ಕೊರಟಗೆರೆಯಿಂದ ತುಮಕೂರಿನವರೆಗೂ ಅದನ್ನೇ ಕೇಳುತ್ತ ಕೂತಿದ್ದೆ.

ಆಪರೇಷನ್ ಮಾಡಿ ಹೆಣ್ಣು ಮಗುವನ್ನು ತೆಗೆದರು. ಅಂಗೈಗಿಂತ ಸ್ವಲ್ಪ ದೊಡ್ಡದು. ಅತ್ತಿತು ಎಂದರು. ನಮಗೆ ಕೇಳಿಸಲಿಲ್ಲ. ಗಾಜಿನ ಪೆಟ್ಟಿಗೆಯೊಳಗೆ ಇಟ್ಟರು.

ಮಾರನೆಯ ದಿನ ಬೆಳಿಗ್ಗೆ ಅಕ್ಕನಿಗೆ ಎಚ್ಚರವಾಯಿತು. ವಾರ್ಡಿನ ದೊಡ್ಡ ಕಿಟಕಿಯಿಂದ ಬಿಸಿಲು ನೇರವಾಗಿ ಅವಳ ಹಾಸಿಗೆಯ ಮೇಲೆ ಬಿದ್ದಿತ್ತು. ನಾನು ಪಕ್ಕದಲ್ಲೇ ಕೂತಿದ್ದೆ. ಅವಳು ಕಣ್ಣು ಬಿಟ್ಟು, ನನ್ನತ್ತಲೇ ಮುಖ ಮಾಡಿ, "ಯಾರೂ ಲೈಟ್ ಹಾಕಿಲ್ವಲ್ಲೇ?" ಅಂದಳು.

"ಕರೆಂಟ್ ಹೋಗೈತೆ ಅಕ್ಕ," ಅಂದೆ. ಡಾಕ್ಟರು ಬಂದು ಟಾರ್ಚ್ ಹಾಕಿ ನೋಡಿದರು. ಕಣ್ಣಿಗೇನೂ ಆಗಿಲ್ಲ, ಮೆದುಳಿನ ಹಿಂಭಾಗ ಊದಿದೆ, ಸಾಮಾನ್ಯವಾಗಿ ವಾಪಸ್ ಬರುತ್ತದೆ ಎಂದರು. ಸಾಮಾನ್ಯವಾಗಿ ಎಂಬ ಆ ಒಂದು ಪದವನ್ನು ಅಮ್ಮ, ನಾನು, ಭಾವ, ಅಕ್ಕನ ಅತ್ತೆ, ನಾಲ್ವರೂ ಹಂಚಿಕೊಂಡು ಕೂತೆವು. ಬಂತು. ಮೊದಲು ಕಿಟಕಿಯ ಆಕಾರ, ಆಮೇಲೆ ಸರಳು, ಆಮೇಲೆ ಅಮ್ಮನ ಸೀರೆಯ ಬಣ್ಣ.

ಅವಳಿಗೆ ನೆಟ್ಟಗೆ ಕಾಣತೊಡಗಿದ ಮೇಲೆ ಗಾಲಿ ಕುರ್ಚಿಯಲ್ಲಿ ಕೂರಿಸಿ ಮಗುವಿನ ಹತ್ತಿರ ಕರೆದೊಯ್ದೆವು. ಗಾಜಿನಾಚೆ ಅದು ಮಲಗಿತ್ತು. ಅಕ್ಕ ಬಹಳ ಹೊತ್ತು ನೋಡಿದಳು. ಅಷ್ಟು ಹೊತ್ತಿಗೆ ಹಾಲು ಇಳಿಯುತ್ತಿತ್ತು. ಹಿಂಡಿ ಸಣ್ಣ ಸ್ಟೀಲ್ ಲೋಟದಲ್ಲಿ ಕೊಟ್ಟರೆ ನರ್ಸು ಅದನ್ನು ಮೂಗಿನ ನಳಿಕೆಯಲ್ಲಿ ಹನಿ ಹನಿಯಾಗಿ ಬಿಡುತ್ತಿದ್ದಳು. ತಾಯಿಯ ಹಾಲಿನಲ್ಲಿ ಏನೇನಿರುತ್ತದೆ, ತಿಂಗಳು ತುಂಬದೆ ಹೆತ್ತವಳ ಹಾಲಿನಲ್ಲಿ ಪ್ರೋಟೀನ್ ಯಾಕೆ ಹೆಚ್ಚಿರುತ್ತದೆ ಎಂಬುದನ್ನು ನಾನು ಬಯೋಕೆಮಿಸ್ಟ್ರಿಯಲ್ಲಿ ಓದಿದ್ದೆ. ಅಕ್ಕನಿಗೆ ಹೇಳಿದೆ. "ಹಂಗಾದ್ರೆ ಅವ್ಳಿಗೆ ಬೇಕಾದಂಗೇ ಬರ್ತೈತಾ?" ಎಂದು ಅವಳ ಮುಖ ಅರಳಿತು. ಆ ವರ್ಷ ನಾನು ಓದಿದ್ದರಲ್ಲಿ ಯಾರಿಗಾದರೂ ಸಂತೋಷ ಕೊಟ್ಟದ್ದು ಅದೊಂದೇ.

ಒಂದು ವಾರ ತುಂಬುವ ಮೊದಲೇ ಮಗು ಹೋಯಿತು. ಉಸಿರು ಮರೆಯಿತು ಅಂದರು. ಅವರು ಬಳಸಿದ ಮಾತೇ ಅದು. ಆಮೇಲೂ ಅಕ್ಕನಿಗೆ ಹಾಲು ಬರುತ್ತಲೇ ಇತ್ತು. ನಿಲ್ಲಲು ಮಾತ್ರೆ ಕೊಟ್ಟರು, ಅಮ್ಮ ಬಟ್ಟೆ ಬಿಗಿದು ಕಟ್ಟಿದಳು, ಆದರೂ ರವಿಕೆ ನೆನೆಯುತ್ತಿತ್ತು. ಅವಳು ಅಳುತ್ತಿರಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು.

ನಾನು ಪರೀಕ್ಷೆ ಬರೆಯುವುದು ಬೇಡ ಎಂದುಕೊಂಡಿದ್ದೆ. ಮೇಡಂ ಎರಡು ಸಲ ಫೋನ್ ಮಾಡಿದರು. ಎರಡನೇ ಸಲ, "ನಾನು ಮೊದಲನೇ ದಿನ ಆ ಮಾತು ಹೇಳಬಾರದಿತ್ತು. ಮುಂದಿನ ವರ್ಷದವರಿಗೆ ಹೇಳಲ್ಲ," ಅಂದರು. ಬೇಸರವಿಲ್ಲ ಮೇಡಂ ಅಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ. ಹೋಗಿ ಬರೆದೆ. ಪ್ರಾಕ್ಟಿಕಲ್ ಪರೀಕ್ಷೆಗೆ ಬೇರೆ ಊರಿನಿಂದ ಬಂದಿದ್ದವರು ನನಗೆ ಮಾಂಸಖಂಡದ ಬಗ್ಗೆ ಕೇಳಿದರು. ಪಾಸಾಯಿತು. ಎಂ.ಎಸ್ಸಿ.ಯ ಸೀಟು ಸಿಕ್ಕಿತು, ಅದೂ ಮುಗಿಯಿತು. ಈಗ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಊಟದ ಬಗ್ಗೆ ಹೇಳುವ ಕೆಲಸ ಮಾಡುತ್ತೇನೆ. ಬಸುರಿಯರು ಬಂದರೆ ಮೊದಲು ಅವರ ಮುಖ ನೋಡುತ್ತೇನೆ, 'ತಲೆನೋವಿದೆಯಾ?' ಎಂದು ಕೇಳುತ್ತೇನೆ. ನಾನು ಕೇಳಬೇಕಾದ ಪ್ರಶ್ನೆ ಅದಲ್ಲ, ಊಟದ ಪ್ರಶ್ನೆ ಕೇಳಿ ಎಂದು ಒಮ್ಮೆ ಒಬ್ಬ ಡಾಕ್ಟರು ರೇಗಿದ್ದುಂಟು.

ಅಕ್ಕನಿಗೆ ಈಗ ಮತ್ತೆ ಐದು ತಿಂಗಳು. ಒಮ್ಮೆ ಆದವರಿಗೆ ಮತ್ತೆ ಆಗಬಹುದು, ಆಗದೆಯೂ ಇರಬಹುದು. ತುಮಕೂರಿನ ಡಾಕ್ಟರು ದಿನಾ ಒಂದು ಸಣ್ಣ ಮಾತ್ರೆ ಬರೆದಿದ್ದಾರೆ, ಬಿ.ಪಿ. ನೋಡುವ ಮೆಷಿನ್ನು ಮನೆಯಲ್ಲೇ ಇದೆ. ಈ ಸಲ ತವರಿಗೆ ಹೋಗುವುದಿಲ್ಲ ಎಂದು ಅಕ್ಕ ಮೊದಲೇ ಹೇಳಿಬಿಟ್ಟಿದ್ದಾಳೆ. ಕಾರಣ ಹೇಳಲಿಲ್ಲ, ನಾವೂ ಕೇಳಲಿಲ್ಲ. ಅಮ್ಮ ಅದನ್ನು ಕೇಳಿಸಿಕೊಂಡು ಎದ್ದು ಹೋಗಿ ಬಟ್ಟೆ ಮಡಚಿದಳು.

ಹೋದ ಭಾನುವಾರ ಅಮ್ಮ ತಾನೇ ಹೊರಟಳು. ನನ್ನನ್ನೂ ಕರೆದಳು. ಪಾವಗಡದಲ್ಲಿ ಬಸ್ಸು ಬದಲಿಸಿ ಹಳ್ಳಿ ತಲುಪಿದಾಗ ಹನ್ನೆರಡರ ಬಿಸಿಲು. ಅಕ್ಕ ಜಗುಲಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು, ಅವಳ ಅತ್ತೆ ತೋಳಿಗೆ ಬಿ.ಪಿ. ಪಟ್ಟಿ ಸುತ್ತುತ್ತಿದ್ದರು. ಅಮ್ಮ ಅಂಗಳದಲ್ಲೇ ನಿಂತುಬಿಟ್ಟಳು. ಚಪ್ಪಲಿ ಬಿಡಲಿಲ್ಲ, ಮುಂದೆ ಬರಲಿಲ್ಲ.

"ಲೋಪಲಿಕಿ ರಾ ವದಿನಾ, ಒಳಕ್ಕೆ ಬಾ. ಬಿಸ್ಲಾಗ ಯಾಕೆ ನಿಂತೆ?" ಎಂದು ಅವರು ಕೂಗಿದರು.

"ನೋಡಿ ಮೊದ್ಲು," ಅಂದಳು ಅಮ್ಮ.

ಮೆಷಿನ್ನು ಗುರ್ ಎಂದು ಗಾಳಿ ತುಂಬಿಕೊಂಡಿತು. ಅಕ್ಕ ತಲೆ ಎತ್ತಿ ಅಮ್ಮನನ್ನು ನೋಡಿದಳು. ಅಮ್ಮನೂ ಅವಳನ್ನು ನೋಡುತ್ತ ನಿಂತಳು. ಪಟ್ಟಿಯ ಗಾಳಿ ಮೆಲ್ಲಗೆ ಇಳಿಯುತ್ತಿತ್ತು.